ಕಡಲ ಮೇಲೆ ಬಂದ ಬೀರು

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದರಲ್ಲಿ ಒಂದೇ ಒಂದು ಮಾತೂ ಕಟ್ಟಿದ್ದಲ್ಲ. ನಂಬಿಕೆ ಬಾರದವರು ಕಿಲ್ಲಬೇಗು ಎಂಬ ಕಡಲೂರಿನ ದಡಕ್ಕೆ ಹೋಗಿ, ನೀರು ಇಳಿದ ಹೊತ್ತಿನಲ್ಲಿ ಬಂಡೆಗಳ ಮೇಲೆ ಹೊಟ್ಟೆ ಕಾಯಿಸುತ್ತ ಬಿದ್ದಿರುವ ಮೀಸೆಯ ಕಡಲಪ್ರಾಣಿ ಸೀಲುಗಳನ್ನು ಕೇಳಬಹುದು. ಅವೆಲ್ಲ ಕಣ್ಣಾರೆ ಕಂಡವು. ಅವು ಬಾಯಿ ಬಿಡದಿದ್ದರೆ ಅದು ಅವುಗಳ ಬಿಗುಮಾನ, ಕತೆಯ ತಪ್ಪಲ್ಲ.

ಮಲಾಕಿ ಡೆವಾನಿ ಐರ್ಲೆಂಡಿಗೆಲ್ಲ ಹೆಸರಾದ ನಗೆಗಾರ, ನಟ. ಆದರೆ ನಗಿಸುವ ದನಿ ಅವನದಾಗಿರಲಿಲ್ಲ. ಅವನ ಸ್ವಂತ ದನಿ ಅಂಗಡಿಯಲ್ಲಿ ಬ್ರೆಡ್ಡು ಕೇಳುವುದಕ್ಕೆ, ಬಸ್ಸಿನಲ್ಲಿ ಜಾಗ ಬಿಡಿ ಎನ್ನುವುದಕ್ಕೆ ಸಾಕಾಗುತ್ತಿತ್ತು, ಅಷ್ಟೇ. ಡಬ್ಲಿನ್ನಿಗೆ ಹೋದ ಹೊಸದರಲ್ಲಿ ಅವನು ಒಂದು ಪಬ್ಬಿನ ಮಹಡಿಯಲ್ಲಿ ಮೈಕು ಹಿಡಿದು ಆ ದನಿಯಲ್ಲೇ ಜೋಕು ಹೇಳುತ್ತಿದ್ದ. ಕೆಳಗೆ ಗ್ಲಾಸು ತೊಳೆಯುವ ಸದ್ದು ಮೇಲೆ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಸಲವಂತೂ ಮುಂದಿನ ಸಾಲಿನ ಹೆಂಗಸೊಬ್ಬಳು ಎದ್ದು ಬಂದು, ಅವನ ಹಣೆ ಮುಟ್ಟಿ ನೋಡಿ, “ಜ್ವರ ಏನಿಲ್ಲ” ಎಂದು ಎಲ್ಲರಿಗೂ ತಿಳಿಸಿ, ಹೋಗಿ ಕೂತಳು.

ಆ ಕ್ಷಣದಲ್ಲೇ ಮಲಾಕಿಯ ಗಂಟಲೊಳಗೆ ಬೇರೆ ಯಾರೋ ಕೆಮ್ಮಿದರು.

ಗುರುತಿನ ಕೆಮ್ಮು. ಅವನ ಹುಟ್ಟೂರು ಕಿಲ್ಲಬೇಗಿನ ಪಕ್ಕದ ಮನೆಯ ಫೆಸ್ಟಿ ಮೊರಾನನದು. ಒದ್ದೆ ಮರಳಿನ ಮೇಲೆ ದೋಣಿ ಎಳೆದಂಥ ದನಿ ಅದು. ಹಗಲುಗನಸಿನಲ್ಲಿ ಯಾರೋ ಬಂದು ಕುರ್ಚಿ ಎಳೆದುಕೊಂಡು ಕೂತ ಹಾಗೆ ಅದು ಮಲಾಕಿಯೊಳಗೆ ಬಂದು ಕೂತಿತು, ಕೂತು, ಯಾರನ್ನೂ ಕೇಳದೆ ಶುರು ಮಾಡಿತು: “ಅಲ್ರಪ್ಪಾ, ನಾನೊಂದ್ಸಲ ಬೀರು ತಂದೆ.”

ಬೀರುವಿನ ಕತೆ ಕಿಲ್ಲಬೇಗಿನಲ್ಲಿ ಮಗುವಿಗೂ ಗೊತ್ತು. ಫೆಸ್ಟಿಯ ಮದುವೆಯಾದ ವರ್ಷ, ಕೊಲ್ಲಿಯ ಆಚೆ ದಡದ ಹರಾಜಿನಲ್ಲಿ ಅವನ ಹೆಂಡತಿ ಡೆಲಿಯಾ ಬಟ್ಟೆ ಇಡುವ ಒಂದು ಬೀರು ಹಿಡಿದಳು. ಬಾಗಿಲಿಗೆ ಆಳುದ್ದದ ಕನ್ನಡಿ ಇದ್ದ, ದೊಡ್ಡ ಮನೆಯ ಬೀರು. ಡೆಲಿಯಾ ಗಾಡಿಯಲ್ಲಿ ರಸ್ತೆ ಹಿಡಿದು ಬಂದಳು. ಫೆಸ್ಟಿ ಬೀರುವನ್ನು ದೋಣಿಗೆ ಅಡ್ಡಲಾಗಿ ಬಿಗಿಸಿಕೊಂಡು ನೀರಿಗಿಳಿದ. ನಡು ಕೊಲ್ಲಿಯಲ್ಲಿ ಹಗ್ಗ ಹರಿದು ಬೀರು ಕಡಲಿಗೆ ಜಾರಿತು. ಅದನ್ನು ಹಿಡಿಯಲು ಹೋದ ಫೆಸ್ಟಿಯೂ ಜಾರಿದ. ದೋಣಿ ಇಬ್ಬರನ್ನೂ ಬಿಟ್ಟು ತನ್ನ ಪಾಡಿಗೆ ತಾನು ಹೊರಟಿತು. ಫೆಸ್ಟಿ ಬೀರುವಿನೊಳಗೆ ಹತ್ತಿ ಕೂತು, ಒಳಗಿನ ಹಲಗೆ ಕಿತ್ತು ಹುಟ್ಟು ಹಾಕಿದ. ತೆರೆದ ಬಾಗಿಲಿನ ಕನ್ನಡಿ ನೀರಿನ ಮೇಲೆ ಹೊಳೆಯುತ್ತಿತ್ತು. ಕೊಲ್ಲಿಯ ಸೀಲುಗಳೆಲ್ಲ ಬಂದು ಸಾಲಾಗಿ ನಿಂತು ಮುಖ ನೋಡಿಕೊಂಡವು. ಒಂದು ಮುದಿ ಸೀಲು ಮೀಸೆ ತಿದ್ದಿಕೊಂಡಿತು. ಮಂಜಿನೊಳಗಿಂದ ಕಪ್ಪು ಪೆಟ್ಟಿಗೆಯೊಂದು ತಾನಾಗಿ ತೇಲಿ ಬರುವುದನ್ನು ಕಂಡ ಊರಿನವರು ಅದು ಶವಪೆಟ್ಟಿಗೆಯೆಂದುಕೊಂಡು ದಡದಲ್ಲಿ ಮಂಡಿಯೂರಿ ಪ್ರಾರ್ಥನೆ ಹಿಡಿದರು. ಪೆಟ್ಟಿಗೆ ದಡ ಮುಟ್ಟಿತು. ಒಳಗಿಂದ ಫೆಸ್ಟಿ ಎದ್ದು ನಿಂತು, ಒದ್ದೆ ಕೋಟು ಬಿಚ್ಚಿ, ಬೀರುವಿನೊಳಗಿನ ಮೊಳೆಗೇ ನೇತುಹಾಕಿ, “ಡೆಲಿಯಾ, ಬೀರು ಗಟ್ಟಿಮುಟ್ಟಾಗಿದೆ, ಉಪಯೋಗಿಸಿ ನೋಡ್ದೆ” ಎಂದ.

ಆ ಮಹಡಿಯ ಜನ ನಕ್ಕ ನಗುವಿಗೆ ಕೆಳಗೆ ಗ್ಲಾಸು ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿ ಮೇಲೆ ಬಂದ.

ಅಲ್ಲಿಂದ ಮುಂದೆ ಮಲಾಕಿಯ ಬದುಕು ಆ ಬೀರುವಿನಲ್ಲೇ ತೇಲಿತು. ಚಹಾದ ಜಾಹೀರಾತಿನಲ್ಲಿ ಫೆಸ್ಟಿಯ ದನಿ ಚಹಾ ಕುಡಿಯಿತು. ಟೀವಿ ಧಾರಾವಾಹಿಯಲ್ಲಿ ಪೊಲೀಸನಾಗಿ ಕಳ್ಳರನ್ನು ಬೈಯಿತು. ಲಂಡನ್ನಿನ ಸಿನಿಮಾದವರು ಇಂಗ್ಲಿಷ್ ಜಮೀನ್ದಾರನ ಪಾತ್ರ ಕೊಟ್ಟರು. ರೇಷ್ಮೆಯ ಅಂಗಿ ತೊಟ್ಟು, ಕುದುರೆಯ ಮೇಲೆ ಕೂತು ಬಾಯಿ ತೆರೆದರೆ ಅಲ್ಲೂ ಫೆಸ್ಟಿಯೇ. ಕೆಲಸ ಹೋಯಿತೆಂದು ಮಲಾಕಿ ಗಂಟು ಮೂಟೆ ಕಟ್ಟುತ್ತಿದ್ದಾಗ, “ಜಮೀನ್ದಾರನ ಎದೆಯೊಳಗಿನ ರೈತನನ್ನು ಹೊರತಂದ ನಟ” ಎಂದು ಪತ್ರಿಕೆಯವರು ಬರೆದುಬಿಟ್ಟರು.

ಫೆಸ್ಟಿಗೆ ಇದರಿಂದ ಬೇಸರವಿರಲಿಲ್ಲ. ಮಲಾಕಿ ಊರಿಗೆ ಬಂದಾಗಲೆಲ್ಲ ಬೇಲಿಯ ಮೇಲೆ ಒರಗಿಕೊಂಡು ಕೇಳುತ್ತಿದ್ದ:

“ಏನ್ಲಾ, ಈ ಸಲ ನನ್ನ ಎಲ್ಲೆಲ್ಲಿಗೆ ಕರ್ಕೊಂಡ್ಹೋಗಿದ್ದೆ?”

“ಎಡಿನ್‌ಬರೋಗೆ.”

“ಹೌದಾ? ಊಟ ಹೆಂಗಿತ್ತು ನಂಗೆ?”

“ಸುಮಾರಾಗಿತ್ತು.”

“ನೋಡು, ಅದಕ್ಕೇ ಆ ವಾರ ಹೊಟ್ಟೆ ಸರಿ ಇರಲಿಲ್ಲ.”

ಹೀಗಿರುವಾಗ, ಡಬ್ಲಿನ್ನಿನ ಅತಿ ದೊಡ್ಡ ರಂಗಮಂದಿರದಲ್ಲಿ ಮಲಾಕಿಯೊಬ್ಬನದೇ ಆಟ ನಿಗದಿಯಾಯಿತು. ಅದಕ್ಕೆ ಮೊದಲು ಊರಿನ ಸಭಾಂಗಣದಲ್ಲಿ ಒಂದು ಆಟ ಆಡಲೇಬೇಕು. ಆಡದಿದ್ದರೆ ಮಲಾಕಿಗೆ ಕೊಂಬು ಬಂದಿದೆ ಎಂದು ಕಿಲ್ಲಬೇಗು ತೀರ್ಮಾನಿಸುತ್ತದೆ. ಅಲ್ಲಿ ಒಮ್ಮೆ ಬಂದ ಕೊಂಬನ್ನು ಪೋಪ್ ಬಂದರೂ ಕತ್ತರಿಸಲಾರ. ಅವನು ಸಭಾಂಗಣದ ಉಸ್ತುವಾರಿ ನೋಡುವ ಜರ್ಲಾತನಿಗೆ ಫೋನು ಮಾಡಿ, ಜೂನ್ ತಿಂಗಳ ಒಂದು ಭಾನುವಾರ ಮಧ್ಯಾಹ್ನಕ್ಕೆ ಜಾಗ ಹಿಡಿದ. ಜರ್ಲಾತ, “ಒಳ್ಳೇದು ಮಲಾಕಿ. ತುಂಬಾ ಒಳ್ಳೇ ಕೆಲಸ ಮಾಡ್ತಿದ್ದೀಯ” ಎಂದ. ಜರ್ಲಾತ ಯಾರನ್ನೂ ಹೊಗಳಿದವನಲ್ಲ. ಮಲಾಕಿಗೆ ಆಗಲೇ ಅನುಮಾನ ಬರಬೇಕಿತ್ತು.

ಭಾನುವಾರ ಸಭಾಂಗಣ ತುಂಬಿತ್ತು. ಕಿಟಕಿಗಳಿಂದ ಬಿಸಿಲು ಅಡ್ಡಡ್ಡ ಬಿದ್ದು, ಧೂಳು ಅದರಲ್ಲಿ ನಿಧಾನವಾಗಿ ಈಜುತ್ತಿತ್ತು. ಎಲ್ಲರೂ ಒಳ್ಳೆಯ ಕೋಟು ಹಾಕಿಕೊಂಡು ಬಂದಿದ್ದರು. ಮುಂದಿನ ಸಾಲಿನ ನಡುವೆ ಡೆಲಿಯಾ ಕೂತಿದ್ದಳು. ಫೆಸ್ಟಿ ಕಾಣಲಿಲ್ಲ, ಚರ್ಚಿನಲ್ಲೂ ಬಾಗಿಲ ಹೊರಗೇ ನಿಲ್ಲುವ ಜಾತಿ ಅವನು, ಇಲ್ಲೂ ಎಲ್ಲೋ ಹಿಂದೆ ನಿಂತಿರುತ್ತಾನೆ ಎಂದುಕೊಂಡ ಮಲಾಕಿ. ಕೆಮ್ಮಿದ. ಶುರು ಮಾಡಿದ.

“ಅಲ್ರಪ್ಪಾ, ನಾನೊಂದ್ಸಲ ಬೀರು ತಂದೆ.”

ಒಬ್ಬರೂ ನಗಲಿಲ್ಲ.

ಹಗ್ಗ ಹರಿಯಿತು, ನಗು ಇಲ್ಲ. ಸೀಲುಗಳು ಬಂದವು; ನಗು ಇಲ್ಲ. ಮುದಿ ಸೀಲು ಮೀಸೆ ತಿದ್ದಿಕೊಂಡಿತು. ಮೂರನೆಯ ಸಾಲಿನ ದಪ್ಪ ಮನುಷ್ಯನೊಬ್ಬ ಉಸಿರು ಬಿಗಿಹಿಡಿದ ರಭಸಕ್ಕೆ ಅವನ ಕೋಟಿನ ಗುಂಡಿ ಸಿಡಿದು ಗೋಡೆಗೆ ಬಡಿಯಿತು; ಆದರೂ ನಗಲಿಲ್ಲ. ಮೌನ ಎಷ್ಟು ದಟ್ಟವಾಗಿತ್ತೆಂದರೆ ಧೂಳು ಕೂಡ ಈಜುವುದನ್ನು ನಿಲ್ಲಿಸಿ ನೋಡಿತು. ಆಗ ಸಭಾಂಗಣದ ಬಾಗಿಲಲ್ಲಿ ಮಲಗಿದ್ದ ಫೆಸ್ಟಿಯ ನಾಯಿ ಶೆಪ್ ಕಿವಿ ನಿಮಿರಿಸಿ ಎದ್ದು, ಕುರ್ಚಿಗಳ ನಡುವೆ ನಡೆದು ಬಂದು, ವೇದಿಕೆ ಹತ್ತಿ, ಮಲಾಕಿಯ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಮಲಾಕಿಗೆ ತಾನು ನಿಂತಿರುವುದು ನೆಲದ ಮೇಲೋ ನೀರಿನ ಮೇಲೋ ತಿಳಿಯಲಿಲ್ಲ. ಕೊನೆಯ ಮಾತು ಹೇಗೋ ಮುಗಿಸಿ, ತಲೆ ಬಾಗಿಸಿ ನಿಂತ.

ಚಪ್ಪಾಳೆಯೂ ಇಲ್ಲ. ಜನ ಎದ್ದರು. ಸಾಲು ಮಾಡಿದರು. ಒಬ್ಬೊಬ್ಬರಾಗಿ ವೇದಿಕೆಯ ಹತ್ತಿರ ಬಂದು, ಅವನ ಕೈ ಹಿಡಿದು, ತಗ್ಗಿದ ದನಿಯಲ್ಲಿ ಹೇಳಿದರು: “ನಿನ್ನ ದುಃಖಕ್ಕೆ ನಮಗೂ ದುಃಖ ಕಣಪ್ಪ.”

ಸಾವಿನ ಮನೆಯಲ್ಲಿ ಹೇಳುವ ಮಾತು. ತನ್ನ ಆಟ ಸತ್ತಿತೆಂದು ಊರಿಗೆ ಊರೇ ಹೀಗೆ ಗೇಲಿ ಮಾಡುತ್ತಿದೆ ಎಂದುಕೊಂಡ ಮಲಾಕಿ. ಮಾಡಲಿ. ಆದರೆ ಎಂಥ ಶಿಸ್ತು! ಅಜ್ಜಿಯರೂ ಸಾಲು ತಪ್ಪಲಿಲ್ಲ. ಅವನ ಗಣಿತದ ಮೇಷ್ಟರು ಕಣ್ಣು ಒರೆಸಿಕೊಂಡರು. “ಥ್ಯಾಂಕ್ಸ್” ಎನ್ನುತ್ತ ಹೋದ ಮಲಾಕಿ, ಮೈಯೆಲ್ಲ ಉರಿಯುತ್ತಿದ್ದರೂ.

ಸಭಾಂಗಣ ಖಾಲಿಯಾದ ಮೇಲೆ ಜರ್ಲಾತ ಎರಡು ಕಪ್ ಚಹಾ ತಂದ.

“ಅಷ್ಟೊಂದು ಕೆಟ್ಟದಾಗಿತ್ತಾ?” ಎಂದ ಮಲಾಕಿ.

“ಯಾವ್ದು?”

“ಆಟ.”

“ಆಟ ಎಲ್ಲಿ ಬಂತೋ! ಅವನನ್ನ ಎಬ್ಬಿಸ್ಕೊಂಡ್ ಬಂದು ನಿಲ್ಲಿಸ್ಬಿಟ್ಟೆ. ನನ್ ಮೈ ಇನ್ನೂ ಜುಂ ಅಂತಿದೆ. ಸತ್ತು ಮೂರು ವಾರ ಆದೋನು ಹಂಗೆ ನಿಂತು ಮಾತಾಡ್ತಾನೆ ಅಂದ್ರೆ...”

“ಯಾರು ಸತ್ತಿದ್ದು?”

“ಫೆಸ್ಟಿ ಕಣೋ! ನಿಂಗೆ ಗೊತ್ತಿಲ್ವಾ?”

“ಯಾರೂ ಹೇಳ್ಲಿಲ್ಲ!”

“ರೇಡಿಯೋದಲ್ಲಿ ಬಂತಲ್ಲೋ! ಬೆಳಿಗ್ಗೆ ಸಾವಿನ ಸುದ್ದೀಲಿ ಓದಿದ್ರು, ಸಂಜೆ ಮತ್ತೆ ಓದಿದ್ರು. ರೇಡಿಯೋದಲ್ಲಿ ಬಂದಿದ್ದನ್ನ ಮನುಷ್ಯರಿಗೆ ಮತ್ತೆ ಹೇಳ್ತಾರಾ? ನೀನು ಕಿವುಡ ಅಂದ ಹಾಗಾಗಲ್ವಾ? ಮಣ್ಣಿಗೂ ಬರ್ಲಿಲ್ಲ ನೀನು. ಎಲ್ಲಿ ಸತ್ತಿದ್ದೆ?”

“ಶೂಟಿಂಗಲ್ಲಿ.” ಮಲಾಕಿ ತಲೆ ತಗ್ಗಿಸಿದ. “ಶವದ ಪಾರ್ಟು. ವಾರ ಪೂರ್ತಿ ಪೆಟ್ಟಿಗೇಲಿ ಮಲಗಿದ್ದೆ.”

“ಚೆನ್ನಾಯ್ತು. ಸುಳ್ಳು ಹೆಣ ಆಗೋಕೆ ಪುರುಸೊತ್ತಿತ್ತು, ನಿಜವಾದ ಹೆಣ ನೋಡೋಕಿರ್ಲಿಲ್ಲ.” ಜರ್ಲಾತ ಚಹಾ ಹೀರಿದ. “ನಾವೆಲ್ಲ ಏನಂದ್ಕೊಂಡ್ವಿ? ಮಣ್ಣಿಗೆ ಬರ್ಲಿಲ್ವಲ್ಲ, ಅದಕ್ಕೆ ಈಗ ಬಂದು ಅವನ ಹೆಸರಲ್ಲಿ ಇದೊಂದು ಸೇವೆ ಮಾಡ್ತಿದ್ದಾನೆ ಅಂತ. ಸತ್ತ ತಿಂಗಳಿಗೆ ಚರ್ಚಲ್ಲಿ ಮಾಡೋ ಬಲಿಪೂಜೆ ಆಗೋವರೆಗೆ ಸತ್ತವನನ್ನ ಆಡ್ಕೊಂಡು ನಗೋಕಾಗುತ್ತಾ, ಅದೂ ಡೆಲಿಯಾ ಎದುರಿಗೆ? ಹಲ್ಲು ಕಚ್ಚಿ ಕಚ್ಚಿ ನನ್ ದವಡೆ ಹೋಯ್ತು.”

“ಡಬ್ಲಿನ್ನಲ್ಲಿ ಆಟ ಇದೆ ಜರ್ಲಾತ್. ಪೂರ್ತಿ ಫೆಸ್ಟಿನೇ.”

“ಬದುಕಿರೋನನ್ನ ಯಾರು ಬೇಕಾದ್ರೂ ಆಡ್ಕೋಬಹುದು. ಸತ್ತ ಮೇಲೆ ಅವನ ಮಾತು ಹೆಂಡ್ತಿ ಸೊತ್ತು. ಹೋಗಿ ಕೇಳು ಅವಳನ್ನ. ಕೊಟ್ರೆ ಉಂಟು. ಬೈದ್ರೆ ತಿರುಗಿ ಮಾತಾಡ್ಬೇಡ” ಎಂದ.

ಕೊಡದಿದ್ದರೆ ಏನು ಎಂದು ಮಲಾಕಿ ದಾರಿಯುದ್ದಕ್ಕೂ ಯೋಚಿಸಿದ. ಫೆಸ್ಟಿಯನ್ನು ಕಳೆದರೆ ಉಳಿಯುವುದು ಬ್ರೆಡ್ಡು ಕೇಳುವ ದನಿ. ಅದನ್ನು ಹಿಡಿದುಕೊಂಡು ಅಷ್ಟು ದೊಡ್ಡ ವೇದಿಕೆಯ ಮೇಲೆ ನಿಲ್ಲುವುದಕ್ಕಿಂತ ನಿಜವಾಗಿಯೇ ಪೆಟ್ಟಿಗೆಯಲ್ಲಿ ಮಲಗುವುದು ವಾಸಿ. ಆದರೆ ಅದಕ್ಕಿಂತ ಹೆಚ್ಚಾಗಿ, ಬೇಲಿಯ ಹತ್ತಿರ ಬಂದಾಗ ಅಲ್ಲಿ ಯಾರೂ ಒರಗಿರಲಿಲ್ಲ. ಅದು ಅವನನ್ನು ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿತು.

ಕಡಲ ಮಂಜು ಏರಿ ಬರುತ್ತಿತ್ತು. ಜೂನ್ ತಿಂಗಳು, ಸೂರ್ಯನಿಗೆ ಮನೆಗೆ ಹೋಗುವ ಯೋಚನೆಯೇ ಇರಲಿಲ್ಲ, ಮಂಜಿನೊಳಗೆ ಬೆಣ್ಣೆಯಂತೆ ಕರಗುತ್ತ ನಿಂತಿದ್ದ. ಆ ಬೆಳಕಿನಲ್ಲಿ ಕುರಿಗಳಿಗೆ ಕಾಲಿರಲಿಲ್ಲ, ಬೇಲಿಗಳಿಗೆ ಕೊನೆಯಿರಲಿಲ್ಲ. ಹೊಲದಾಚೆ, ಯಾರ ಮನೆಯಲ್ಲೋ, ತಡೆದಿಟ್ಟ ನಗುವೊಂದು ದಿಂಬಿನೊಳಗೆ ಸಿಡಿಯಿತು. ಇನ್ನೊಂದು ಹುಲ್ಲಿನ ಬಣವೆಯ ಹಿಂದಿನಿಂದ. ಪಾದ್ರಿಯ ಮನೆಯ ಮುಚ್ಚಿದ ಕಿಟಕಿಯ ಒಳಗಿಂದಲೂ ಒಂದು ಬಂತು ಎಂದು ಹೇಳುವವರಿದ್ದಾರೆ. ಮಲಾಕಿಗೆ ಮಂಜೇ ಅಲ್ಲಲ್ಲಿ ನಗುತ್ತಿದೆ ಅನ್ನಿಸಿತು. ಶೆಪ್ ಅವನ ಹಿಮ್ಮಡಿಗೆ ಮೂಗು ತಾಗಿಸಿಕೊಂಡೇ ಬಂತು.

ಡೆಲಿಯಾ ಬಾಗಿಲಲ್ಲೇ ಇದ್ದಳು. “ಬಂದ್ಯಾ. ಕಾಲು ಒರೆಸ್ಕೋ.”

“ಡೆಲಿಯಾ, ನಿಮ್ಮ ದುಃಖಕ್ಕೆ ನಂಗೂ ದುಃಖ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ.”

“ಅದು ನಿನ್ನ ಮುಖ ನೋಡಿದಾಗ್ಲೇ ಗೊತ್ತಾಯ್ತು. ಊರೆಲ್ಲ ಮಹಾ ಶ್ರದ್ಧಾಂಜಲಿ ಅಂದ್ಕೊಂಡಿದೆ. ಅಂದ್ಕೊಳ್ಲಿ ಬಿಡು, ಕೋಟು ಇಸ್ತ್ರಿ ಮಾಡ್ಸಿದ್ದಾರೆ ಪಾಪ. ಕೂತ್ಕೋ, ಕೇಕ್ ತಿನ್ನು.”

ಬೀರು ಅಡುಗೆಮನೆಯಲ್ಲೇ ನಿಂತಿತ್ತು. ಮಲಗುವ ಕೋಣೆಯ ಬಾಗಿಲಲ್ಲಿ ಹಿಡಿಸದೆ ಮದುವೆಯ ವರ್ಷದಿಂದಲೂ ಅಲ್ಲೇ. ಡೆಲಿಯಾ ಅದನ್ನು ತೆರೆದಳು. ಒಳಗೆ ಬಟ್ಟೆಯಿರಲಿಲ್ಲ, ಸಾವಿಗೆಂದು ಊರಿನವರು ತಂದುಕೊಟ್ಟ ಹಣ್ಣಿನ ಕೇಕುಗಳನ್ನು ಇಟ್ಟಿಗೆಯಂತೆ ಪೇರಿಸಿಟ್ಟಿತ್ತು.

“ಗಂಡ ಹೋದ ದುಃಖ ಒಂದ್ಕಡೆ, ಈ ಕೇಕುಗಳನ್ನ ಮುಗಿಸೋ ದುಃಖ ಒಂದ್ಕಡೆ,” ಎಂದಳು. ಮಲಾಕಿ ಎರಡು ಸಲ ಬೇಡವೆಂದು ಮೂರನೆಯ ಸಲ ತೆಗೆದುಕೊಂಡ. ಮತ್ತಿನ್ನು ಹೇಗೆ ತೆಗೆದುಕೊಳ್ಳುವುದು.

“ನಾನು ಬಂದಿದ್ದು...”

“ಅವನ ದನಿ ಕೊಡು ಅಂತ ಕೇಳೋಕೆ. ಗೊತ್ತು.” ಡೆಲಿಯಾ ಎದುರಿಗೆ ಕೂತಳು. “ಇಷ್ಟು ವರ್ಷದಿಂದ ಹಗ್ಗ ಹರೀತು, ಹಗ್ಗ ಹರೀತು ಅಂತ ಹೇಳ್ಕೊಂಡ್ ತಿರುಗ್ತೀಯಲ್ಲ. ಹಗ್ಗ ಹರೀಲಿಲ್ಲ.”

“ಮತ್ತೆ?”

“ಗಂಟು ಬಿಚ್ಕೊಳ್ತು. ಗಂಟು ಹಾಕಿದ್ದು ಅವನು. ನಾನು ಹಗ್ಗದ ತುದಿ ಹಿಡ್ಕೊಂಡಿದ್ದೆ, ಅಷ್ಟೇ. ಆದ್ರೆ ಅವನು ಒಪ್ಪಬೇಕಲ್ಲ! ಮದುವೆ ಆದ ವರ್ಷದಿಂದ ಇದೇ ಜಗಳ. ಬೇರೆ ಜಗಳ ಆಡೋಕೆ ನಮಗೆ ಟೈಮೇ ಸಿಗ್ಲಿಲ್ಲ.” ಅವಳು ಮೇಜಿನ ಮೇಲೆ ಬಿದ್ದಿದ್ದ ಕೇಕಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆದಳು. “ಅವನು ಹೋದ ದಿನ ಬೆಳಿಗ್ಗೆ, ನೀನು ಕೂತಿದ್ದೀಯಲ್ಲ, ಆ ಕುರ್ಚೀಲಿ ಕೂತು ಮೊಟ್ಟೆ ಒಡೀತಿದ್ದ. ‘ಡೆಲಿಯಾ, ಆ ಗಂಟು’ ಅಂದ. ಅಷ್ಟೇ ಮಲಾಕಿ. ಚಮಚ ಕೈಯಲ್ಲೇ ಇತ್ತು.”

ಮಲಾಕಿ ಕೇಕು ಕೆಳಗಿಟ್ಟ.

“ಅವನು ಏನು ಹೇಳೋಕ್ ಹೊರಟಿದ್ದ ಅಂತ ನಂಗೆ ಬೇಕು,” ಎಂದಳು ಡೆಲಿಯಾ. “ನಿನ್ನೊಳಗೆ ಇದ್ದಾನಲ್ಲ, ಇವತ್ತು ನಾನೇ ಕೇಳಿದ್ನಲ್ಲ. ಆ ಮಾತು ಮುಗಿಸು. ಅವನೇ ಅನ್ನಿಸಿದ್ರೆ ದನಿ ಇಟ್ಕೋ, ಡಬ್ಲಿನ್ನಿಗೆ ತಗೊಂಡ್ಹೋಗು, ಚಂದ್ರಲೋಕಕ್ಕೆ ಬೇಕಾದ್ರೂ ತಗೊಂಡ್ಹೋಗು. ನೀನೇ ಅನ್ನಿಸಿದ್ರೆ ಇಲ್ಲೇ ಬಿಟ್ಟು ಹೋಗ್ಬೇಕು. ಮತ್ತೆ ಎಲ್ಲೂ ಎತ್ಕೂಡ್ದು.”

ವಿಧವೆಯೊಬ್ಬಳು ಬೇಡುವ ಒಂದು ಮಾತು. ಏನು ಹೇಳಬೇಕೆಂಬುದು ಮಲಾಕಿಗೆ ಸ್ಪಷ್ಟವಿತ್ತು. ಹೃದಯವಿರುವ ಯಾವನಾದರೂ ಅದನ್ನೇ ಹೇಳುತ್ತಾನೆ. ಅವನು ಗಂಟಲು ಸರಿ ಮಾಡಿಕೊಂಡು, ದನಿ ಒರಟು ಮಾಡಿಕೊಂಡು, ಮೆಲ್ಲಗೆ ಹೇಳಿದ: “ಡೆಲಿಯಾ, ಆ ಗಂಟು ಹಾಕಿದ್ದು ನಾನೇ ಕಣೇ. ತಪ್ಪು ನಂದೇ.”

ಡೆಲಿಯಾ ಕಣ್ಣು ಕೂಡ ಮಿಟುಕಿಸಲಿಲ್ಲ. “ಅದು ನೀನು. ಒಳ್ಳೇ ಹುಡುಗ, ನಿಮ್ಮಮ್ಮ ಚೆನ್ನಾಗಿ ಬೆಳೆಸಿದ್ದಾಳೆ. ಚಹಾ ಕುಡಿದು ಹೊರಡು.”

ಅವಳು ಎದ್ದು ಕೆಟಲ್ ಎತ್ತಿಕೊಂಡಳು. ಮುಗಿಯಿತು. ಮಲಾಕಿ ಎದುರಿನ ಬೀರುವನ್ನೇ ನೋಡುತ್ತ ಕೂತ. ಕಡಲ ಉಪ್ಪು ತಿಂದು ಕನ್ನಡಿಯ ಅಂಚೆಲ್ಲ ಬೆಳ್ಳಗೆ ನೊರೆಯಂತಾಗಿತ್ತು. ನಡುವೆ ಉಳಿದ ಗಾಜಿನಲ್ಲಿ ಕಿಟಕಿಯಾಚೆಯ ಮಂಜು ತೂಗುತ್ತಿತ್ತು. ನೋಡುತ್ತ ನೋಡುತ್ತ ಅಡುಗೆಮನೆಯೇ ಹಗುರಾಗಿ, ದಡ ಬಿಟ್ಟ ಹಾಗೆ ಮೆತ್ತಗೆ ಅಲ್ಲಾಡಿತು. ಕಪ್ಪಿನೊಳಗಿನ ಚಹಾ ಒಂದು ಕಡೆಗೆ ವಾಲಿತು. ಕನ್ನಡಿಯೊಳಗೆ ಒಂದು ಮೀಸೆಯ ಮುಖ ಬಂದು, ಇತ್ತ ನೋಡಿ, ಹೋಯಿತು. ಸೀಲೋ, ಯಾರೋ.

ಮಲಾಕಿಯ ಗಂಟಲಲ್ಲಿ ಕೆಮ್ಮು ಕೇಳಿಸಿತು.

ಶೆಪ್ ತಲೆ ಎತ್ತಿತು. ಕೆಟಲ್ ಹಿಡಿದ ಡೆಲಿಯಾ ಬೆನ್ನು ತಿರುಗಿಸಿಯೇ ನಿಂತುಬಿಟ್ಟಳು.

“ಡೆಲಿಯಾ,” ಎಂದಿತು ದನಿ. ಮಲಾಕಿ ತಡೆಯಲು ನೋಡಿದ. ಅವನ ನಾಲಿಗೆ ಅವನ ಮಾತು ಕೇಳಲಿಲ್ಲ. “ಆ ಗಂಟು ನೀನೇ ಹಾಕಿದ್ದು.”

ಇನ್ನು ನನ್ನ ಕತೆ ಮುಗಿಯಿತು ಎಂದುಕೊಂಡ ಮಲಾಕಿ, ಒಳಗೊಳಗೇ.

ಡೆಲಿಯಾ ತಿರುಗಿದಳು. ಮುಖ ಕೆಂಪೇರಿತ್ತು. “ನಾನಾ? ನಾನು ತುದಿ ಹಿಡ್ಕೊಂಡಿದ್ದೆ!”

“ತುದಿ ಹಿಡ್ಕೊಂಡು ಏನ್ ಮಾಡ್ತಿದ್ದೆ? ಹರಾಜಿನವನ ಹತ್ರ ಹರಟೆ ಹೊಡೀತಿದ್ದೆ.”

“ಅವನು ಹವಾಮಾನ ಕೇಳ್ದ, ಹೇಳ್ದೆ! ನಿನ್ ಥರ ಮೂಗನ ಹಾಗೆ ನಿಲ್ಲೋಕಾಗುತ್ತಾ?”

“ಹವಾಮಾನ ಹೇಳೋಕೆ ಅಷ್ಟು ನಗ್ಬೇಕಾ? ಆ ಕಡೆ ಹಲ್ಲು ಬಿಟ್ಕೊಂಡು ಈ ಕಡೆ ಏನೋ ಸುತ್ತಿದೆ. ಅದನ್ನ ಗಂಟು ಅಂತಾರಾ? ಕೂಸಿನ ಜಡೆಗೆ ರಿಬ್ಬನ್ ಕಟ್ಟಿದ ಹಾಗಿತ್ತು.”

“ಹಾಗಿದ್ರೆ ನೀನ್ಯಾಕೆ ನೋಡ್ಲಿಲ್ಲ? ಕಣ್ಣಿರ್ಲಿಲ್ವಾ? ದೋಣಿ ನಿಂದು, ಹಗ್ಗ ನಿಂದು!”

“ಬೀರು ನಿಂದು!”

“ಹೌದು ನಂದು! ನಿಂಗೆ ಕೊಟ್ಟು ಕಳಿಸಿದ್ನಲ್ಲ, ನನ್ ಬುದ್ಧಿಗೆ ಹೇಳ್ಬೇಕು!” ಅವಳು ಕೆಟಲ್ಲನ್ನು ಧಡ್ ಎಂದು ಒಲೆಯ ಮೇಲೆ ಕುಕ್ಕಿದಳು. ಕಣ್ಣಲ್ಲಿ ನೀರಿತ್ತೋ, ಕೆಟಲ್ಲಿನ ಹಬೆಯೋ. ಗೋಡೆಯ ಮೇಲಿನ ಕೋಟು ಕಿತ್ತುಕೊಂಡು ಒಂದೇ ತೋಳು ತೂರಿಸಿದಳು. “ನಿನ್ ಹತ್ರ ಮಾತಾಡೋಕಿಂತ ಆ ಹಸು ಹತ್ರ ಮಾತಾಡೋದು ವಾಸಿ, ಫೆಸ್ಟಿ ಮೊರಾನ್! ಹಾಲು ಕರ್ಕೊಂಡ್ ಬರ್ತೀನಿ. ಅಷ್ಟರಲ್ಲಿ ಆ ಕೇಕ್ ಮುಗಿಸಿರು.”

“ನಿಲ್ಲೇ, ಮಾತು ಮುಗೀಲಿಲ್ಲ. ಅವತ್ತು ನೀನು ಎಡಗಡೆಯಿಂದ ಒಂದು ಸುತ್ತು ಸುತ್ತಿ, ಆಮೇಲೆ ಆ ತುದೀನ ಕೆಳಗಿಂದ ತಂದಿದ್ದಿದ್ರೆ, ಈ ಬೀರು ಯಾವತ್ತೂ...”

ಡೆಲಿಯಾ ಆಗಲೇ ಅಂಗಳ ದಾಟಿದ್ದಳು.